ಬೆಲೆ ಪೆನ್ನಿನದು, ಅಕ್ಷರ ನಿಬ್ಬಿನದು

ಮುನ್ನೂರು ರೂಪಾಯಿ ಕೊಟ್ಟರೂ ಇಂಕ್‌ಪೆನ್ನು ಸಿಗುತ್ತದೆ, ಮೂವತ್ತು ಸಾವಿರ ಕೊಟ್ಟರೂ ಸಿಗುತ್ತದೆ. ಬೆಲೆಯಲ್ಲಿ ನೂರು ಪಟ್ಟು ಅಂತರ. ಬರವಣಿಗೆಯಲ್ಲಿ ಅಷ್ಟು ಅಂತರ ಇರಲು ಸಾಧ್ಯವೇ ಇಲ್ಲ. ಎರಡು ಪಟ್ಟು ಇದ್ದರೆ ಅದೇ ಹೆಚ್ಚು. ಹಾಗಾದರೆ ಎಲ್ಲಿಯವರೆಗೆ ಕೊಟ್ಟ ದುಡ್ಡು ಅಕ್ಷರಕ್ಕೆ ಸಲ್ಲುತ್ತದೆ, ಎಲ್ಲಿಂದಾಚೆಗೆ ಅಂಗಿ ಜೇಬಿನ ಅಂದಕ್ಕೆ ಸಲ್ಲುತ್ತದೆ? ಪೆನ್ನು ಕೂಡಿಡುವ ಹವ್ಯಾಸಕ್ಕೆ ಇಳಿಯುವವರು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಇಷ್ಟನ್ನೇ. ಇದು ತಿಳಿಯದಿದ್ದರೆ ಡಬ್ಬಿ ತುಂಬ ಪೆನ್ನು ಇರುತ್ತವೆ, ಅರ್ಜಿ ತುಂಬಲು ಮಾತ್ರ ಪಕ್ಕದವರ ಬಾಲ್‌ಪೆನ್ನು ಕೇಳುವ ಪರಿಸ್ಥಿತಿ ಬರುತ್ತದೆ.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪು, ಆ ಕಡೆ ಮಸ್ಕಿ, ಲಿಂಗಸುಗೂರಿನ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಂಕ್‌ಪೆನ್ ಸಂಗ್ರಹ ಎಂದರೆ ಬೆಂಗಳೂರಿನ ಮಾಲ್‌ನಲ್ಲಿ ಗಾಜಿನ ಕಪಾಟಿನ ಮುಂದೆ ನಿಲ್ಲುವವರ ವಿಷಯ ಎಂಬ ಭಾವನೆ ಇದೆ. ನನಗೆ ಹಾಗೆ ಅನಿಸುವುದಿಲ್ಲ. ನಮ್ಮ ದೇಶದ ಶಾಯಿ ಮತ್ತು ಪೆನ್ನಿನ ಕಥೆಯಲ್ಲಿ ಬರುವ ಮೂರು ಊರುಗಳನ್ನು ತೆಗೆದುಕೊಳ್ಳಿ: ರಾಜಶಾಹಿ, ರಾಜಮಹೇಂದ್ರಿ, ಹೈದರಾಬಾದು. ಈ ಮೂರೂ ದಿಕ್ಕಿಗೆ ಸಿಂಧನೂರಿನ ನೆಲದಿಂದ ದಾರಿಗಳಿವೆ. ಆರ್.ಎಚ್. ಕ್ಯಾಂಪು ಎಂದರೆ ಪುನರ್ವಸತಿ ಕ್ಯಾಂಪು; ಅಲ್ಲಿನ ಬಂಗಾಳಿ ಕುಟುಂಬಗಳ ಹಿರಿಯರು ಬಂದದ್ದು ಅಂದಿನ ಪೂರ್ವ ಪಾಕಿಸ್ತಾನದಿಂದ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಸುತ್ತಲೂ ಎದ್ದ ಆಂಧ್ರ ಕ್ಯಾಂಪುಗಳ ರೈತರಲ್ಲಿ ಬಹಳಷ್ಟು ಮಂದಿ ಗೋದಾವರಿ, ಕೃಷ್ಣಾ ಸೀಮೆಯವರು. ಇನ್ನು ಸಿಂಧನೂರು ಸೇರಿದ ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದು ರಾಜ್ಯದಲ್ಲೇ ಇತ್ತು. ಕಚೇರಿ, ಕಾಗದ, ಕೋರ್ಟು ಎಲ್ಲದಕ್ಕೂ ಮುಖ ಮಾಡುತ್ತಿದ್ದದ್ದು ಆ ಊರಿಗೆ.

ರಾಜಶಾಹಿ ಇಂದು ಬಾಂಗ್ಲಾದೇಶದಲ್ಲಿದೆ. ಅಲ್ಲಿನ ಶಾಯಿಯ ಕಥೆ ಗಾಂಧೀಜಿಯಿಂದ ಶುರು: ಅವರಿಗೆ ವಿದೇಶಿ ಶಾಯಿಯಲ್ಲಿ ಬರೆಯಲು ಮನಸ್ಸಿರಲಿಲ್ಲ. ಬೆಂಗಾಲ್ ಕೆಮಿಕಲ್ಸ್‌ನಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಸತೀಶಚಂದ್ರ ದಾಸ್‌ಗುಪ್ತಾ ಸ್ವದೇಶಿ ಶಾಯಿಯ ಸೂತ್ರವೊಂದನ್ನು ಸಿದ್ಧಪಡಿಸಿದರು. ಮುಂದೆ ಅದು ಮೈತ್ರ ಸಹೋದರರ ಕೈಗೆ ಬಂದು, 1934ರಲ್ಲಿ ರಾಜಶಾಹಿಯಲ್ಲಿ ಸುಲೇಖಾ ಎಂಬ ಶಾಯಿ ಹುಟ್ಟಿತು. ಆಮೇಲೆ ಕಾರ್ಖಾನೆ ಕೋಲ್ಕತ್ತೆಗೆ ಬಂತು. ಜಾದವಪುರದ ಒಂದು ವೃತ್ತಕ್ಕೆ ಈಗಲೂ ಸುಲೇಖಾ ಮೋಡ್ ಎಂದೇ ಹೆಸರು. ಎಂಬತ್ತರ ದಶಕದ ಕೊನೆಗೆ ಕಾರ್ಖಾನೆ ಮುಚ್ಚಿತು, 2006ರಲ್ಲಿ ಮತ್ತೆ ತೆರೆಯಿತು, 2020ರಿಂದೀಚೆಗೆ ಪೆನ್ನಿನ ಶಾಯಿಯನ್ನು ಹೊಸದಾಗಿ ಮಾರುಕಟ್ಟೆಗೆ ಬಿಡುತ್ತಿದೆ. ಪದ್ಮಾ ನದಿಯ ದಡದಿಂದ ಹೊರಟು ಗಡಿಯ ಈಚೆ ನೆಲೆ ಕಂಡ ಶಾಯಿ ಇದು. ಕ್ಯಾಂಪಿನ ಯಾವುದೇ ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಕ್ಕಿಲ್ಲ. ಬಂಗಾಳಿ ಮನೆಗಳಲ್ಲಿ ಮಾಘ ಮಾಸದ ಸರಸ್ವತಿ ಪೂಜೆಯ ದಿನ ದೌತಿ ಮತ್ತು ಲೇಖನಿಯನ್ನು ದೇವಿಯ ಮುಂದಿಡುತ್ತಾರೆ, ಮಕ್ಕಳು ಆ ದಿನ ಪುಸ್ತಕ ಮುಟ್ಟುವುದಿಲ್ಲ, ಎಳೆಯ ಮಗುವಿಗೆ ಅಕ್ಷರಾಭ್ಯಾಸವೂ ಅಂದೇ. ಪೆನ್ನಿಗೆ ವರ್ಷಕ್ಕೊಂದು ದಿನ ರಜೆ ಕೊಡುವ ಪದ್ಧತಿ ಇರುವ ಕಡೆ ಪೆನ್ನು ಕೂಡಿಡುವವರೂ ಇರಲೇಬೇಕು.

ರಾಜಮಹೇಂದ್ರಿಯ ಕಥೆಯಲ್ಲೂ ಗಾಂಧೀಜಿ ಇದ್ದಾರೆ. ಅಕ್ಕಸಾಲಿ ಕೆಲಸ ಬಲ್ಲ ಕೆ.ವಿ. ರತ್ನಂ ಪೂರ್ತಿ ಸ್ವದೇಶಿಯಾದ ಪೆನ್ನು ಮಾಡಲು ಹೊರಟದ್ದು ಮೂವತ್ತರ ದಶಕದ ಆರಂಭದಲ್ಲಿ. 1935ರಲ್ಲಿ ಗಾಂಧೀಜಿಯ ಸಂಗಡಿಗ ಜೆ.ಸಿ. ಕುಮಾರಪ್ಪನವರ ಮೂಲಕ ಪೆನ್ನು ಗಾಂಧೀಜಿ ಇದ್ದ ವಾರ್ಧಾ ತಲುಪಿತು. ಬಳಸಿ ನೋಡಿದ ಗಾಂಧೀಜಿ ಮೆಚ್ಚಿ ಪತ್ರ ಬರೆದರು. ರತ್ನಂ ಪೆನ್ನು ಇಂದಿಗೂ ಅದೇ ಊರಿನಲ್ಲಿ ಕೈಯಿಂದ ತಯಾರಾಗುತ್ತದೆ. ಅಲ್ಲೇ ಗೈಡರ್ ಎಂಬ ಇನ್ನೊಂದು ಹಳೆಯ ಹೆಸರೂ ಇದೆ. ಇದಕ್ಕೆ ಎದುರಾಗಿ ಇನ್ನೊಂದು ಗಾಂಧಿ ಪೆನ್ನನ್ನು ಇಟ್ಟು ನೋಡಿ. 2009ರಲ್ಲಿ ಜರ್ಮನಿಯ ಮಾಂಟ್‌ಬ್ಲಾಂಕ್ ಕಂಪನಿ ದಂಡಿಯಾತ್ರೆಯ 241 ಮೈಲಿಗಳ ಲೆಕ್ಕ ಹಿಡಿದು 241 ಚಿನ್ನದ ಪೆನ್ನುಗಳನ್ನು ಹೊರತಂದಿತು. ಒಂದೊಂದರ ಬೆಲೆ ಹನ್ನೊಂದು ಲಕ್ಷ ರೂಪಾಯಿಗೂ ಮೇಲೆ. ವಿಷಯ ಕೇರಳ ಹೈಕೋರ್ಟಿಗೆ ಹೋಗಿ, ಕಂಪನಿ ಭಾರತದಲ್ಲಿ ಮಾರಾಟ ನಿಲ್ಲಿಸಬೇಕಾಯಿತು. ಬೆಲೆಗೂ ಬರವಣಿಗೆಗೂ ಇರುವ ನಂಟು ಎಲ್ಲಿ ಕಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೈದರಾಬಾದಿನ ಅಬಿಡ್ಸ್‌ನಲ್ಲಿ ಡೆಕ್ಕನ್ ಪೆನ್ ಸ್ಟೋರ್ಸ್ ಶುರುವಾದದ್ದು 1928ರಲ್ಲಿ, ನಿಜಾಮರ ಕಾಲದಲ್ಲಿ. ಎಬೊನೈಟಿನಿಂದ ಕಡೆದ ಅವರ ದಪ್ಪ ಪೆನ್ನೊಂದರ ಹೆಸರೇ ಅಡ್ವೊಕೇಟ್. ಯಾರ ಜೇಬಿಗೆ ಅಂತ ಮಾಡಿದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಹೊಸ ಪೆನ್ನಷ್ಟೇ ಅಲ್ಲ, ರಿಪೇರಿಗೂ ಹೆಸರಾದ ಅಂಗಡಿ. ರಾಯಚೂರಿನಿಂದ ಹೈದರಾಬಾದಿಗೆ ಆಸ್ಪತ್ರೆಗೋ ಮದುವೆಗೋ ಹೋಗುವವರು ಮನೆಯ ಕೆಟ್ಟ ಪೆನ್ನನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು.

ಬರೆಯುವುದು ಯಾವುದು?

ಇಂಕ್‌ಪೆನ್ನಿನಲ್ಲಿ ಅಕ್ಷರಕ್ಕೆ ಸಂಬಂಧಪಟ್ಟ ಭಾಗಗಳು ಮೂರೇ: ನಿಬ್ಬು, ನಿಬ್ಬಿನ ಅಡಿಗೆ ಅಂಟಿಕೊಂಡಿರುವ ನಾಲಿಗೆ, ಕ್ಯಾಪು. ಉಳಿದದ್ದೆಲ್ಲ ಮೈ.

ನಿಬ್ಬಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಒಂದು ಗಟ್ಟಿ ಕಾಳು ಬೆಸೆದಿರುತ್ತಾರೆ. ಕಾಗದಕ್ಕೆ ತಗಲುವುದು ಅದೊಂದೇ. ಆ ಕಾಳನ್ನು ಮಧ್ಯಕ್ಕೆ ಸೀಳಿ, ಎರಡು ಎಲೆಗಳೂ ಒಂದೇ ಮಟ್ಟದಲ್ಲಿ ನಿಲ್ಲುವಂತೆ ಉಜ್ಜಿ ನಯ ಮಾಡಿದರೆ ಪೆನ್ನು ಬೆಣ್ಣೆಯಂತೆ ಓಡುತ್ತದೆ. ಒಂದು ಎಲೆ ಕೂದಲೆಳೆಯಷ್ಟು ಮೇಲಿದ್ದರೂ ಕಾಗದ ಗೀರುತ್ತದೆ. ಇಲ್ಲಿ ಚಿನ್ನದ ಪ್ರಶ್ನೆ ಬರುತ್ತದೆ. ಚಿನ್ನದ ನಿಬ್ಬು ನಯವಾಗಿ ಬರೆಯುತ್ತದೆ ಎಂದು ನಮ್ಮಲ್ಲಿ ದೊಡ್ಡ ನಂಬಿಕೆ. ಹಿಂದಿನ ಶಾಯಿಗಳಲ್ಲಿ ಆಮ್ಲದ ಅಂಶ ಹೆಚ್ಚಿತ್ತು, ಅಂದಿನ ಉಕ್ಕು ತುಕ್ಕು ಹಿಡಿಯುತ್ತಿತ್ತು, ಆದ್ದರಿಂದ ಚಿನ್ನ ಬೇಕಾಯಿತು. ಇಂದಿನ ಸ್ಟೇನ್‌ಲೆಸ್ ಸ್ಟೀಲಿಗೆ ಆ ಕಾಟ ಅಷ್ಟಿಲ್ಲ. ಚಿನ್ನದ ನಿಬ್ಬಿಗೂ ಸ್ಟೀಲ್ ನಿಬ್ಬಿಗೂ ತುದಿಯ ಕಾಳು ಒಂದೇ ಜಾತಿಯ ಗಟ್ಟಿ ಮಿಶ್ರಲೋಹ. ಹೀಗಾಗಿ ನಯ ಬರುವುದು ಚಿನ್ನದಿಂದಲ್ಲ, ಉಜ್ಜಿದ ಕೈಯಿಂದ. ಚಿನ್ನ ಕೊಡುವುದು ಕೊಂಚ ಮಿದುತನ. ಅದೂ ಎಲ್ಲ ಚಿನ್ನದ ನಿಬ್ಬಿನಲ್ಲೂ ಇರುವುದಿಲ್ಲ. 14 ಕ್ಯಾರೆಟ್ಟಿನ ನಿಬ್ಬಿನ ಮೇಲೆ 585 ಎಂದೂ 18 ಕ್ಯಾರೆಟ್ಟಿನದರ ಮೇಲೆ 750 ಎಂದೂ ಒತ್ತಿರುತ್ತಾರೆ. ಇಡೀ ನಿಬ್ಬು ತೂಗಿದರೂ ಗ್ರಾಮಿನ ಆಸುಪಾಸು, ಹಲವು ಸಲ ಅದಕ್ಕೂ ಕಡಿಮೆ. ಮುಂದೆ ಬೆಲೆ ಬರುತ್ತದೆಂದು ಚಿನ್ನದ ನಿಬ್ಬು ಕೊಳ್ಳುವವರು ಅದೇ ದುಡ್ಡಿಗೆ ಮಗಳಿಗೆ ಓಲೆ ಮಾಡಿಸುವುದು ವಾಸಿ.

ನಿಬ್ಬಿನ ಮೇಲೆ ಇರಿಡಿಯಂ ಪಾಯಿಂಟ್ ಜರ್ಮನಿ ಎಂದು ಬರೆದಿದ್ದರೆ ಮರುಳಾಗಬೇಡಿ. ಅಗ್ಗದ ಎಷ್ಟೋ ಪೆನ್ನುಗಳ ಮೇಲೆ ಆ ಅಕ್ಷರ ಇರುತ್ತದೆ. ನಿಬ್ಬು ಜರ್ಮನಿಯದೇ ಎಂಬುದಕ್ಕೆ ಅದು ಪುರಾವೆಯಲ್ಲ. ತಲೆಕೆಳಗಾದ ಸಂಗತಿಯೂ ಒಂದಿದೆ. ನಿಜವಾಗಿ ಜರ್ಮನಿಯಲ್ಲಿ ನಿಬ್ಬು ಮಾಡುವ ಯೋವೊ, ಬಾಕ್ ಮುಂತಾದ ಕಾರ್ಖಾನೆಗಳಿಂದ ಲೋಕದ ಹತ್ತಾರು ಪೆನ್ನು ಕಂಪನಿಗಳು ನಿಬ್ಬು ತರಿಸಿಕೊಳ್ಳುತ್ತವೆ. ಮೂರು ಸಾವಿರದ ಪೆನ್ನಿನಲ್ಲೂ ಹದಿನೈದು ಸಾವಿರದ ಪೆನ್ನಿನಲ್ಲೂ ಅದೇ ಸ್ಟೀಲ್ ನಿಬ್ಬು ಇರಬಹುದು, ಮೇಲಿನ ಮುದ್ರೆ ಮಾತ್ರ ಬೇರೆ. ನಮ್ಮಲ್ಲಿ ಕಾನ್‌ಪುರದ ಕ್ಯಾನ್‌ರೈಟ್‌ನವರು ತಮ್ಮ ಪೆನ್ನಿಗಷ್ಟೇ ಅಲ್ಲದೆ ಬೇರೆಯವರಿಗೂ ನಿಬ್ಬು ಮಾಡುತ್ತಾರೆ. ಸಿಂಧನೂರಿನವರಿಗೆ ಇದು ಹೊಸ ಮಾತಲ್ಲ: ಒಂದೇ ಗಿರಣಿಯ ಸೋನಾ ಮಸೂರಿ ಎಷ್ಟು ಬಗೆಯ ಚಿತ್ರದ ಚೀಲದಲ್ಲಿ, ಎಷ್ಟು ಬೆಲೆಗೆ ಹೋಗುತ್ತದೆ ಎಂದು ನೋಡಿದವರೇ ಅಲ್ಲವೇ.

ನಾಲಿಗೆಯ ಕೆಲಸ ಶಾಯಿಯನ್ನು ಇಳಿಸುವುದು, ಇಳಿದಷ್ಟು ಗಾಳಿಯನ್ನು ಒಳಗೆ ಬಿಡುವುದು. ಪ್ಲಾಸ್ಟಿಕ್ ನಾಲಿಗೆ ಸಾಕು. ಎಬೊನೈಟಿನ ನಾಲಿಗೆ ಶಾಯಿಯನ್ನು ಧಾರಾಳವಾಗಿ ಬಿಡುತ್ತದೆ. ಎಬೊನೈಟ್ ಎಂದರೆ ರಬ್ಬರಿಗೆ ಗಂಧಕ ಹೆಚ್ಚು ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ವಸ್ತು. ಕ್ಯಾಪಿನ ಮಹತ್ವ ಅಂಗಡಿಯಲ್ಲಿ ತಿಳಿಯುವುದಿಲ್ಲ, ಏಪ್ರಿಲ್ ತಿಂಗಳಲ್ಲಿ ತಿಳಿಯುತ್ತದೆ. ಗಾಳಿಯಾಡುವ ಕ್ಯಾಪಿನ ಪೆನ್ನು ನಮ್ಮ ಒಣ ಬಿಸಿಲಿನಲ್ಲಿ ಒಂದೇ ರಾತ್ರಿಗೆ ಒಣಗಿ ಕೂರುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಬೆಲೆ

ಬೆಲೆ ಅಂಗಡಿಗೊಂದು, ತಿಂಗಳಿಗೊಂದು. ಆದ್ದರಿಂದ ಅಂದಾಜು ಹೇಳುತ್ತೇನೆ. ನೂರು ರೂಪಾಯಿಯ ಆಚೀಚೆ ಶಾಲೆ ಮಕ್ಕಳ ಪೆನ್ನುಗಳು. ಇವುಗಳಲ್ಲಿ ಐದಕ್ಕೆ ಮೂರು ಚಲೋ ಬರೆದರೆ ಪುಣ್ಯ ಎಂದುಕೊಂಡೇ ಕೊಳ್ಳಬೇಕು, ಏಕೆಂದರೆ ಒಂದೊಂದು ನಿಬ್ಬನ್ನೂ ನೋಡಿ ಸರಿಮಾಡುವಷ್ಟು ದುಡ್ಡು ಆ ಬೆಲೆಯಲ್ಲಿ ಇಲ್ಲ. ಇನ್ನೂರರಿಂದ ಏಳೆಂಟು ನೂರರವರೆಗೆ ಕ್ಯಾಮ್ಲಿನ್, ಕ್ಲಿಕ್, ಪಾರ್ಕರ್ ವೆಕ್ಟರ್, ಚೀನಾದ ಹೀರೋ, ಜಿನ್‌ಹಾವೊ, ಜಪಾನಿನ ಪ್ರೆಪ್ಪಿ ಇವೆಲ್ಲ ಬರುತ್ತವೆ. ಬರವಣಿಗೆಯ ಗುಣ ಥಟ್ಟನೆ ಏರುವುದು ಈ ಮೆಟ್ಟಿಲಿನಲ್ಲೇ. ದಿನಕ್ಕೆ ನಾಲ್ಕೈದು ಪುಟ ಬರೆಯುವ ವಿದ್ಯಾರ್ಥಿಗೆ, ಮೇಷ್ಟ್ರಿಗೆ ಇಲ್ಲಿಂದ ಮೇಲೆ ಹೋಗುವ ಅಗತ್ಯವೇ ಇಲ್ಲ. ಹೀರೋ 616 ನೋಡಲು 1941ರಲ್ಲಿ ಬಂದ ಪಾರ್ಕರ್ 51ರ ತಮ್ಮನಂತಿರುತ್ತದೆ: ನಿಬ್ಬು ಮುಸುಕಿನೊಳಗೆ, ತುದಿ ಮಾತ್ರ ಹೊರಗೆ. ಮುಸುಕಿರುವುದರಿಂದ ನಿಬ್ಬು ಬೇಗ ಒಣಗುವುದಿಲ್ಲ. ನಮ್ಮ ಕಡೆಗೆ ಒಳ್ಳೆಯದು. ಆದರೆ ನಕಲಿಗೂ ನಕಲಿಗಳು ಹುಟ್ಟಿವೆ, ನೋಡಿ ಕೊಳ್ಳಿ.

ಒಂದೂವರೆ ಸಾವಿರದಿಂದ ಐದು ಸಾವಿರದೊಳಗೆ ಎರಡು ಬೇರೆ ಬೇರೆ ಲೋಕಗಳಿವೆ. ಒಂದು ಕಡೆ ಜರ್ಮನಿಯ ಲ್ಯಾಮಿ ಸಫಾರಿ, ಜಪಾನಿನ ಪೈಲಟ್ ಮೆಟ್ರೊಪಾಲಿಟನ್. ಇವು ಯಂತ್ರದ ಶಿಸ್ತಿನವು, ಡಬ್ಬಿ ತೆರೆದು ಶಾಯಿ ತುಂಬಿದರೆ ಬರೆಯುತ್ತವೆ, ಕೈಕೊಡುವುದು ಅಪರೂಪ. ಇನ್ನೊಂದು ಕಡೆ ನಮ್ಮವರು ಲೇತಿನ ಮೇಲೆ ಕೈಯಿಂದ ಕಡೆದ ಎಬೊನೈಟ್ ಪೆನ್ನುಗಳು: ರಾಜಮಹೇಂದ್ರಿಯ ರತ್ನಂ, ಗೈಡರ್, ತಮಿಳುನಾಡಿನ ರಂಗಾ. ಹಿಡಿದರೆ ಬೆಚ್ಚಗೆ, ಹಗುರ, ಬೆವರಿದ ಕೈಯಿಂದ ಜಾರುವುದಿಲ್ಲ. ನಿಬ್ಬಿನ ವಿಷಯದಲ್ಲಿ ಮಾತ್ರ ಕೇಳಿ ಕೊಳ್ಳಬೇಕು: ಯಾರ ನಿಬ್ಬು, ಬರೆದು ನೋಡಿ ಕಳಿಸುತ್ತಾರೋ ಇಲ್ಲವೋ. ನನ್ನನ್ನು ಕೇಳಿದರೆ, ಬರೀ ಬರೆಯುವುದಕ್ಕೆ ಎಂದು ಕೊಡುವ ದುಡ್ಡಿನ ಮೇಲ್ಮಿತಿ ಇಲ್ಲೇ. ಇದರಾಚೆ ಹತ್ತು ಸಾವಿರಕ್ಕೂ ಮೇಲ್ಪಟ್ಟ ಜಪಾನಿ ಚಿನ್ನದ ನಿಬ್ಬಿನಲ್ಲಿ ಏನೋ ಒಂದು ಸೊಗಸಿದೆ, ಇಲ್ಲ ಎನ್ನಲಾರೆ. ಆದರೆ ಅದು ಬಲ್ಲವರಿಗೆ ಮಾತ್ರ ಗೊತ್ತಾಗುವಷ್ಟು ಸಣ್ಣದು. ಮಾಂಟ್‌ಬ್ಲಾಂಕ್ 149, 1952ರಿಂದ ಬರುತ್ತಿರುವ ದಪ್ಪ ಕರಿಯ ಪೆನ್ನು, ಈಗ ಲಕ್ಷದ ಆಸುಪಾಸಿನದು. ಅದು ಒಳ್ಳೆಯ ಪೆನ್ನೇ. ಲಕ್ಷ ರೂಪಾಯಿಯ ಅಕ್ಷರ ಬರೆಯುತ್ತದೆ ಎಂದು ಮಾತ್ರ ಯಾರೂ ಹೇಳಬಾರದು.

ಬ್ರ್ಯಾಂಡಿನ ಹೆಸರಿಗೆ ಊರು ಕಟ್ಟಿಹಾಕುವ ಕಾಲವೂ ಹೋಯಿತು ಎಂಬುದಕ್ಕೆ ಇಷ್ಟು ಕೇಳಿ. ಅಮೆರಿಕದ ಅಯೋವಾದಲ್ಲಿ ಶತಮಾನದ ಹಿಂದೆ ಹುಟ್ಟಿದ ಶೀಫರ್ ಕಂಪನಿಯನ್ನು 2022ರಲ್ಲಿ ಕೊಂಡದ್ದು ಬೆಂಗಳೂರಿನ ವಿಲಿಯಂ ಪೆನ್. ನಮ್ಮಜ್ಜಂದಿರು ಫಾರಿನ್ ಪೆನ್ನು ಎಂದು ಬೀರುವಿನಲ್ಲಿ ಇಡುತ್ತಿದ್ದ ಹೆಸರಿನ ಒಡೆತನ ಈಗ ನಮ್ಮ ರಾಜಧಾನಿಯಲ್ಲೇ ಇದೆ.

ಅಂಗಡಿಯ ಕಟ್ಟೆಯ ಮೇಲೆ

ಸ್ಟೇಷನರಿ ಅಂಗಡಿಯಲ್ಲಿ ಪೆನ್ನು ಪರೀಕ್ಷಿಸುವಾಗ ಎಲ್ಲರೂ ಒಂದು ಸುರುಳಿ ಗೀಚಿ, ತಮ್ಮ ಸಹಿ ಹಾಕಿ, ಸಾಕು ಎನ್ನುತ್ತಾರೆ. ಸಹಿ ಕೈಗೆ ರೂಢಿಯಾದ ಗೀಟು. ಎಂಥ ಕೆಟ್ಟ ಪೆನ್ನಿನಲ್ಲೂ ಬರುತ್ತದೆ. ಕನ್ನಡ ಬರೆಯುವವರು ಕನ್ನಡದಲ್ಲೇ ಪರೀಕ್ಷಿಸಬೇಕು. ನಮ್ಮ ಅಕ್ಷರಗಳು ದುಂಡು. ಒಂದು ‘ಈ’ ಬರೆಯುವಷ್ಟರಲ್ಲಿ ನಿಬ್ಬು ನಾಲ್ಕೂ ದಿಕ್ಕಿಗೆ ಓಡಿರುತ್ತದೆ, ಎಳೆಯುವುದರ ಜೊತೆ ತಳ್ಳುವುದೂ ಇರುತ್ತದೆ. ಓರೆ ನಿಬ್ಬಿದ್ದರೆ ತಳ್ಳುವ ಗೀಟಿನಲ್ಲೇ ಗೀರು ಗೊತ್ತಾಗುತ್ತದೆ. ‘ರಾಷ್ಟ್ರೀಯ’, ‘ಸಾಮರ್ಥ್ಯ’, ‘ಜ್ಞಾನ’, ‘ಲಕ್ಷ್ಮಿ’ ಈ ನಾಲ್ಕು ಮಾತು ಬರೆಯಿರಿ. ಒತ್ತಕ್ಷರದ ಸಣ್ಣ ಹೊಟ್ಟೆ ಶಾಯಿಯಿಂದ ತುಂಬಿಹೋದರೆ ನಿಬ್ಬು ನಿಮ್ಮ ಅಕ್ಷರದ ಗಾತ್ರಕ್ಕೆ ದಪ್ಪವಾಯಿತು. ಗೆರೆ ಹಾಕಿದ ಶಾಲಾ ನೋಟ್‌ಬುಕ್ಕಿನಲ್ಲಿ ಬರೆಯುವವರಿಗೆ ಯುರೋಪಿನ ಪೆನ್ನಾದರೆ ಫೈನ್, ಜಪಾನಿನದಾದರೆ ಮೀಡಿಯಂ ಸರಿಹೊಂದುತ್ತದೆ. ಅದೇ ಹೆಸರಿನ ಜಪಾನಿ ನಿಬ್ಬು ಒಂದು ಅಳತೆ ಸಣ್ಣದಾಗಿಯೇ ಬರೆಯುತ್ತದೆ.

ಬಂಗಾಳಿ ಬರೆಯುವ ಹಿರಿಯರಿಗೆ ಲೆಕ್ಕ ಬೇರೆ. ಅವರ ಲಿಪಿ ತಲೆಗೆರೆಯಿಂದ ತೂಗುತ್ತದೆ, ಕೋನಗಳು ಹೆಚ್ಚು. ಎಡದಿಂದ ಬಲಕ್ಕೆ ಉದ್ದ ಗೆರೆ ಎಳೆಯುವಾಗ ನಡುವೆ ಶಾಯಿ ತಪ್ಪುತ್ತದೆಯೇ ಎಂದು ನೋಡಬೇಕು, ಕೊಂಚ ದಪ್ಪ ನಿಬ್ಬು ಅಲ್ಲಿ ಚೆಂದ ಕಾಣುತ್ತದೆ. ಮನೆಯಲ್ಲಿ ಅಜ್ಜಿ ಬಂಗಾಳಿ, ಮೊಮ್ಮಗಳು ಕನ್ನಡ ಬರೆಯುತ್ತಿದ್ದರೆ ಒಂದೇ ಪೆನ್ನು ಇಬ್ಬರಿಗೂ ಒಗ್ಗುವುದು ಕಷ್ಟ. ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಬೇಗ ಆರುವ ಶಾಯಿ, ಸಣ್ಣ ನಿಬ್ಬು.

ಬರೆಯುವ ಮೊದಲು ನೋಡುವುದೂ ಇದೆ. ವಾಚು ರಿಪೇರಿಯವರ ಕಣ್ಣಿನ ಮಸೂರ ಸಿಕ್ಕರೆ ಸರಿ, ಇಲ್ಲವೇ ಮೊಬೈಲಿನ ಕ್ಯಾಮೆರಾ ಹಿಗ್ಗಿಸಿ ನಿಬ್ಬನ್ನು ಎದುರಿನಿಂದ ನೋಡಿ. ಸೀಳು ನಟ್ಟನಡುವೆ ಇದೆಯೇ, ಎರಡು ಎಲೆ ಸಮವೇ, ನಾಲಿಗೆ ನಿಬ್ಬಿಗೆ ಅಂಟಿ ಕೂತಿದೆಯೇ. ಶಾಯಿ ಅದ್ದಿ ಬರೆಯಲು ಅಂಗಡಿಯವರನ್ನು ಕೇಳಿ. “ಅಣ್ಣಾರ, ಒಂದೀಟು ಅದ್ದಿ ನೋಡ್ತೀನ್ರಿ” ಎಂದರೆ ಬೇಡ ಎನ್ನುವವರು ಕಡಿಮೆ. ಒತ್ತಬೇಡಿ. ಬಾಲ್‌ಪೆನ್ನಿನ ಅಭ್ಯಾಸದವರು ನಿಬ್ಬನ್ನು ಒತ್ತಿ ಒತ್ತಿ ಎಲೆ ಅಗಲಿಸಿಬಿಡುತ್ತಾರೆ; ಇಂಕ್‌ಪೆನ್ನು ತನ್ನ ಭಾರದಲ್ಲೇ ಬರೆಯಬೇಕು, ಬರೆಯದಿದ್ದರೆ ದೋಷ ಪೆನ್ನಿನದು.

ಹೊಸ ಪೆನ್ನು ತಡೆದು ತಡೆದು ಬರೆದರೆ ಕೂಡಲೇ ಬೈಯಬೇಡಿ. ತಯಾರಿಕೆಯ ಎಣ್ಣೆಯ ಪಸೆ ನಾಲಿಗೆಯಲ್ಲಿ ಉಳಿದಿರುತ್ತದೆ. ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಟ್ಟು ಅದರಲ್ಲಿ ನಿಬ್ಬು ಆಡಿಸಿ, ಆಮೇಲೆ ಬರೀ ನೀರಿನಲ್ಲಿ ತೊಳೆದರೆ ಅರ್ಧಕ್ಕರ್ಧ ಪೆನ್ನು ಸರಿಹೋಗುತ್ತವೆ. ಬಿಸಿನೀರು ಬೇಡ. ಬೋರಿನ ಗಡಸು ನೀರಿಗಿಂತ ಕುಡಿಯುವ ಕ್ಯಾನಿನ ನೀರು ಮೇಲು. ಗಡಸು ನೀರಿನ ಉಪ್ಪು ಸಣ್ಣ ಕಾಲುವೆಯಲ್ಲಿ ಕೂರುತ್ತದೆ. ಎಲೆ ಮೇಲು ಕೆಳಗಾಗಿದ್ದರೆ ಮೇಲಿನದನ್ನು ಉಗುರಿನಿಂದ ಮೆಲ್ಲಗೆ ಕೆಳಗೆ ಒತ್ತಿ ಒತ್ತಿ ನೋಡಿ. ಪಾಲಿಶ್ ಕಾಗದಕ್ಕೆ ಉಜ್ಜುವ ಮಾತು ಎಲ್ಲರೂ ಹೇಳುತ್ತಾರೆ. ನೂರು ರೂಪಾಯಿಯ ಪೆನ್ನಿನ ಮೇಲೆ ಕೈ ಪಳಗಿಸಿಕೊಳ್ಳದೆ ಒಳ್ಳೆಯ ನಿಬ್ಬಿಗೆ ಕೈ ಹಾಕಬೇಡಿ. ಸವೆದ ಕಾಳು ಮತ್ತೆ ಬರುವುದಿಲ್ಲ.

ಬಿಸಿಲು, ಶಾಯಿ, ಕಾಗದ

ಕೈಯಿಂದ ಮಾಡಿದ ಎಬೊನೈಟ್ ಪೆನ್ನುಗಳಲ್ಲಿ ಹೆಚ್ಚಿನವು ಡ್ರಾಪರ್‌ನಿಂದ ಹೊಟ್ಟೆಗೇ ಶಾಯಿ ತುಂಬುವಂಥವು. ಎರಡರಿಂದ ನಾಲ್ಕು ಮಿಲಿಲೀಟರ್ ಹಿಡಿಯುತ್ತವೆ. ಬಾಟಲಿಯಿಂದ ಶಾಯಿ ಹೀರಿಕೊಳ್ಳಲು ಪೆನ್ನಿನೊಳಗೆ ಕೂರಿಸುವ ಸಣ್ಣ ಕೊಳವೆಯಾದ ಕನ್ವರ್ಟರ್ ಹಿಡಿಯುವುದು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೂ ಕಡಿಮೆ. ಆದರೆ ಡ್ರಾಪರ್ ಪೆನ್ನಿಗೂ ನಮ್ಮ ಬೇಸಿಗೆಗೂ ಒಂದು ಜಗಳ ಇದೆ. ಶಾಯಿ ಅರ್ಧ ಇಳಿದಾಗ ಉಳಿದ ಅರ್ಧ ಗಾಳಿ. ಕೈಯ ಬಿಸಿಗೆ, ಹೊರಗಿನ ಧಗೆಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಮುಂದಕ್ಕೆ ತಳ್ಳುತ್ತದೆ. ಕಾಗದದ ಮೇಲೆ ತಟ್ಟನೆ ಒಂದು ಹನಿ. ಹಾಗಾಗಿ ಪೂರ್ತಿ ತುಂಬಿಡಿ, ಮೂರನೇ ಒಂದು ಭಾಗ ಉಳಿದಾಗಲೇ ಮತ್ತೆ ತುಂಬಿಸಿ. ಬರೆಯುವ ಮುನ್ನ ನಿಬ್ಬು ಮೇಲೆ ಮಾಡಿ ಒಂದು ಗಳಿಗೆ ಹಿಡಿದರೆ ಹಿಗ್ಗಿದ ಗಾಳಿ ಹೊರಟುಹೋಗುತ್ತದೆ. ಬೈಕಿನ ಡಿಕ್ಕಿಯಲ್ಲಿ, ಕಾರಿನ ಕನ್ನಡಿಯ ಕೆಳಗೆ ಪೆನ್ನು ಬಿಡಲೇಬೇಡಿ. ಎಬೊನೈಟಿಗೆ ಬಿಸಿಲು ಬಿದ್ದರೆ ಕರಿ ಬಣ್ಣ ಮಾಸಿ ಕಂದುಬಣ್ಣಕ್ಕೆ ತಿರುಗುತ್ತದೆ.

ಶಾಯಿಯ ಖರ್ಚಿನ ಲೆಕ್ಕ ಹಾಕುವವರು ಕಡಿಮೆ. ಅರವತ್ತು ಮಿಲಿಲೀಟರಿನ ಒಂದು ಬಾಟಲಿ ಕನ್ವರ್ಟರ್ ಪೆನ್ನನ್ನು ಎಪ್ಪತ್ತು ಸಲದ ಆಸುಪಾಸು ತುಂಬುತ್ತದೆ. ಕ್ಯಾಮ್ಲಿನ್ ಶಾಯಿ ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಪೆನ್ನಿಗೆ ನಿರಪಾಯ. ಸುಲೇಖಾ ಕೊಂಚ ದುಬಾರಿ, ತರಿಸಿಕೊಳ್ಳಬೇಕು. ವಿದೇಶಿ ಪೆನ್ನಿನ ಕಾರ್ಟ್ರಿಜ್ ಮಾತ್ರ ದುಡ್ಡು ನುಂಗುತ್ತದೆ, ಪೆನ್ನು ಕೊಳ್ಳುವ ದಿನವೇ ಕನ್ವರ್ಟರ್ ಕೇಳಿ ತೆಗೆದುಕೊಳ್ಳಿ. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕು, ಸೀಲಿನ ಪ್ಯಾಡಿನ ಇಂಕು ಇಂಕ್‌ಪೆನ್ನಿಗೆ ಹಾಕಿದರೆ ಪೆನ್ನಿನ ಕಥೆ ಮುಗಿಯಿತು. ಹಾಗೆ ನೋಡಿದರೆ ಕರ್ನಾಟಕದ ಅತಿ ಪ್ರಸಿದ್ಧ ಶಾಯಿ ಪೆನ್ನಿಗೆ ಬರುವುದೇ ಇಲ್ಲ: 1962ರಿಂದ ದೇಶದ ಮತದಾರರ ಬೆರಳಿಗೆ ಹತ್ತುತ್ತಿರುವ ಮೈಸೂರಿನ ಬಣ್ಣದ ಕಾರ್ಖಾನೆಯ ಶಾಯಿ.

ದಾಖಲೆಯ ಮಾತು ಬೇರೆ. ಕ್ಯಾಂಪಿನ ಜನರಿಗೆ ಒಂದು ಹಳೆಯ ಕಾಗದದ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ; ಪೌರತ್ವದ ಅರ್ಜಿಗೆ ಅರ್ಧ ಶತಮಾನದ ಹಿಂದಿನ ಚೀಟಿ ಹುಡುಕಿದವರು ಅಲ್ಲಿದ್ದಾರೆ. ಶಾಲೆಯ ನೀಲಿ ಶಾಯಿಯಲ್ಲಿ ಹೆಚ್ಚಿನದು ನೀರು ಬಿದ್ದರೆ ಅಳಿಸಿಹೋಗುತ್ತದೆ, ಬಿಸಿಲಿಗೆ ಮಾಸುತ್ತದೆ. ಅರ್ಜಿ, ಒಪ್ಪಂದ, ಬ್ಯಾಂಕಿನ ಕಾಗದಕ್ಕೆ ಪರ್ಮನೆಂಟ್ ಎಂದು ಬರೆದಿರುವ ಕಪ್ಪು ಅಥವಾ ನೀಲಿಗಪ್ಪು ತೆಗೆದುಕೊಳ್ಳಿ. ಬಾಟಲಿಯ ಮೇಲಿನ ಮಾತನ್ನೂ ನಂಬದೆ ಒಂದು ಸಾಲು ಬರೆದು, ದಿನ ಕಳೆದ ಮೇಲೆ ಅದರ ಮೇಲೆ ನೀರು ಚಿಮುಕಿಸಿ ನೋಡಿ. ಕಬ್ಬಿಣದ ಅಂಶವಿರುವ ಹಳೆಯ ಬಗೆಯ ಶಾಯಿಗಳು ಬರೆದ ಮೇಲೆ ಗಾಳಿಗೆ ಕಪ್ಪಾಗುತ್ತ ಹೋಗುತ್ತವೆ, ಕಾಗದದಲ್ಲಿ ಗಟ್ಟಿಯಾಗಿ ಕೂರುತ್ತವೆ. ಆದರೆ ಅವನ್ನು ಪೆನ್ನಿನಲ್ಲಿ ವಾರಗಟ್ಟಲೆ ಬಿಡಬಾರದು. ಇನ್ನು ಕಾರ್ಬನ್ ಇಟ್ಟು ಎರಡು ಪ್ರತಿ ತೆಗೆಯುವ ಗಿರಣಿಯ, ಗೊಬ್ಬರದಂಗಡಿಯ ರಸೀದಿ ಪುಸ್ತಕಕ್ಕೆ ಇಂಕ್‌ಪೆನ್ನು ತರಬೇಡಿ. ಅಲ್ಲಿ ಒತ್ತಿ ಬರೆಯಬೇಕು, ಅದು ಬಾಲ್‌ಪೆನ್ನಿನ ಜಾಗ.

ಕಾಗದವೂ ಪೆನ್ನಿನ ಬೆಲೆಯ ಭಾಗವೇ. ಎರಡು ಸಾವಿರದ ಪೆನ್ನು ಹಿಡಿದು ಹೀರುವ ಕಾಗದದಲ್ಲಿ ಬರೆದರೆ ಅಕ್ಷರ ಬೇರು ಬಿಟ್ಟಂತೆ ಹರಡುತ್ತದೆ, ಪುಟದ ಹಿಂಬದಿ ದಂಡ. ಕಾಗದ ದಪ್ಪವಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಅದಕ್ಕಿಂತ ಮೇಲ್ಮೈಗೆ ಹಚ್ಚಿದ ಗಂಜಿಯ ಲೇಪ ಮುಖ್ಯ. ಅಂಗಡಿಗೆ ಹೋಗುವಾಗ ನೀವು ದಿನವೂ ಬರೆಯುವ ನೋಟ್‌ಬುಕ್ಕಿನ ಹಾಳೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅದರ ಮೇಲೇ ಬರೆದು ನೋಡಿ. ಅಂಗಡಿಯವರು ಕೊಡುವ ನುಣುಪು ಕಾಗದದಲ್ಲಿ ಎಲ್ಲ ಪೆನ್ನೂ ಚಲೋ.

ಕೂಡಿಡುವುದು

ಸಂಗ್ರಹಕ್ಕೆ ಒಂದು ಗೆರೆ ಬೇಕು. ಕಂಡದ್ದೆಲ್ಲ ಕೊಂಡರೆ ಅದು ಸಂಗ್ರಹವಲ್ಲ, ಸಾಮಾನು. ನನ್ನ ಸಲಹೆ, ಮೇಲೆ ಹೇಳಿದ ದಿಕ್ಕುಗಳನ್ನೇ ಗೆರೆಯಾಗಿ ಇಟ್ಟುಕೊಳ್ಳಿ. ಹೈದರಾಬಾದಿನದೊಂದು, ರಾಜಮಹೇಂದ್ರಿಯದೊಂದು, ತಮಿಳುನಾಡಿನ ಎಬೊನೈಟ್ ಒಂದು, ಜೊತೆಗೆ ಸುಲೇಖಾ ಶಾಯಿಯ ಒಂದು ಬಾಟಲಿ. ಹೋಲಿಕೆಗೆ ಒಂದು ಜಪಾನಿ, ಒಂದು ಜರ್ಮನ್ ಸ್ಟೀಲ್ ನಿಬ್ಬು. ಇಷ್ಟನ್ನು ಎರಡು ಮೂರು ವರ್ಷದಲ್ಲಿ, ಸುಗ್ಗಿ ದುಡ್ಡು ಬಂದಾಗ ಒಂದೊಂದಾಗಿ ಕೂಡಿಸಿದರೆ ಒಟ್ಟು ಖರ್ಚು ಒಂದು ಸಾಧಾರಣ ಮೊಬೈಲಿನ ಬೆಲೆಯ ಆಸುಪಾಸಿನಲ್ಲೇ ಮುಗಿಯಬಹುದು. ಪ್ರತಿಯೊಂದರಲ್ಲೂ ಒಂದೇ ಶಾಯಿ ತುಂಬಿ, ಒಂದೇ ಕಾಗದದಲ್ಲಿ ಒಂದೇ ವಾಕ್ಯ ಬರೆದು, ಪೆನ್ನಿನ ಹೆಸರು, ಕೊಂಡ ಬೆಲೆ ಪಕ್ಕದಲ್ಲಿ ಗುರುತು ಹಾಕಿಡಿ. ಆಮೇಲೆ ಬೆಲೆಯ ಭಾಗ ಕೈಯಿಂದ ಮುಚ್ಚಿ ಮನೆಯವರಿಗೆ ತೋರಿಸಿ, ಯಾವುದು ಚೆಂದ ಎಂದು ಕೇಳಿ. ಉತ್ತರಗಳು ತಮಾಷೆಯಾಗಿರುತ್ತವೆ.

ಹಳೆಯ ಪೆನ್ನು ಕೊಳ್ಳಲು ಆತುರ ಬೇಡ. ಮೊದಲು ಮನೆಯ ಟ್ರಂಕು ನೋಡಿ. ರಬ್ಬರ್ ಚೀಲದ ಪೆನ್ನಾದರೆ ಒಳಗಿನ ರಬ್ಬರು ಗಟ್ಟಿಯಾಗಿ ಪುಡಿಯಾಗಿರುತ್ತದೆ. ಎಳೆದು ಬಿಚ್ಚದೆ ರಿಪೇರಿಯವರಿಗೆ ಕೊಡಿ. ಶಾಯಿ ಒಣಗಿ ಕಚ್ಚಿಕೊಂಡ ಕ್ಯಾಪನ್ನು ಇಕ್ಕಳದಿಂದ ತಿರುಗಿಸಬಾರದು. ಎರಡು ದಿನ ತಣ್ಣೀರಿನಲ್ಲಿ ಕ್ಯಾಪಿನ ಭಾಗವಷ್ಟೇ ನೆನೆಹಾಕಿದರೆ ಎಷ್ಟೋ ಸಲ ತಾನೇ ಬಿಡುತ್ತದೆ. ಎಬೊನೈಟಿನ ಪೆನ್ನನ್ನು ಮಾತ್ರ ಹೀಗೆ ನೀರಿನಲ್ಲಿ ಬಹಳ ಹೊತ್ತು ಬಿಡಬೇಡಿ, ಬಣ್ಣ ಕಂದುತ್ತದೆ. ಸ್ಪಿರಿಟ್, ಥಿನ್ನರ್ ಯಾವ ಹಳೆಯ ಪೆನ್ನಿಗೂ ಮುಟ್ಟಿಸಬಾರದು. ಹಬ್ಬದ ರಿಯಾಯಿತಿ ಎಂದು ಎರಡು ಸಾವಿರಕ್ಕೆ ಮಾಂಟ್‌ಬ್ಲಾಂಕ್ ಕೊಡುವವರು ಮೊಬೈಲಿನಲ್ಲಿ ದಿನಕ್ಕೆ ಹತ್ತು ಮಂದಿ ಸಿಗುತ್ತಾರೆ. ಅದು ನಕಲಿ ಎನ್ನಲು ಪೆನ್ನು ನೋಡುವ ಅಗತ್ಯವೂ ಇಲ್ಲ.

ಸಿಂಧನೂರಿಗೆ ಪೆನ್ನು ಬರುವುದು ಬಹುಪಾಲು ಕೊರಿಯರಿನಲ್ಲೇ. ಕೈಯಿಂದ ಪೆನ್ನು ಮಾಡುವವರಿಗೆ ಫೋನಿನಲ್ಲಿ ಹೇಳುವಾಗ ಬಣ್ಣದ ಮಾತಿಗಿಂತ ಮೊದಲು ನಿಮ್ಮ ಅಕ್ಷರದ ಫೋಟೊ ಕಳಿಸಿ, ಈ ಗಾತ್ರಕ್ಕೆ ತಕ್ಕ ನಿಬ್ಬು, ಬರೆದು ನೋಡಿದ್ದು ಬೇಕು ಎಂದು ಹೇಳಿ. ಶಾಯಿ ಹೆಚ್ಚು ಇಳಿಯಬೇಕೋ ಕಡಿಮೆಯೋ ಅದನ್ನೂ ಹೇಳಿ. ಅವರಿಗೆ ಅದು ನಿತ್ಯದ ಕೆಲಸ. ಪಾರ್ಸೆಲ್ ಬಂದ ದಿನ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ, ಶಾಯಿ ತುಂಬುವ ಮುಂಚೆ ನಿಬ್ಬನ್ನು ನೀರಿನಲ್ಲಿ ಅದ್ದಿ ಒಣ ಕಾಗದದ ಮೇಲೆ ಎಳೆದು ನೋಡಿ. ಗೀರುತ್ತಿದ್ದರೆ ಆಗಲೇ ಫೋನು ಮಾಡಿ. ಶಾಯಿ ತುಂಬಿದ ಪೆನ್ನನ್ನು ವಾಪಸು ತೆಗೆದುಕೊಳ್ಳಲು ಹೆಚ್ಚಿನವರು ಒಪ್ಪುವುದಿಲ್ಲ.